ಮಿರುಗುವ ಎಂಟು ಎಲೆ

ಸೊಸೆ ಇಸ್ಪೀಟು ಆಡುತ್ತಾಳೆ ಎಂಬ ಅನುಮಾನ ಕಾಜಮ್ಮನಿಗೆ ಹುಟ್ಟಿದ್ದು ಬಟ್ಟೆ ನೆನೆಹಾಕುವಾಗ. ಸೊಸೆಗೆ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಅವಳ ಬಿಳಿ ಕೋಟಿನ ಜೇಬು ತಡಕಿದರೆ ಪೆನ್ನು, ಹತ್ತಿ, ಬಸ್ಸಿನ ಟಿಕೆಟು ಸಿಗುವುದು ಮಾಮೂಲಿ. ಅವತ್ತು ಒಂದು ಎಲೆ ಸಿಕ್ಕಿತು. ರಾಜನಲ್ಲ, ರಾಣಿಯಲ್ಲ, ಬೆನ್ನ ಮೇಲೆ ಕೋಟೆ ಹೊತ್ತ ಆಮೆ. ಕಾಜಮ್ಮ ಹಿಂದೆ ಮುಂದೆ ತಿರುಗಿಸಿ ನೋಡಿದಳು. ಚಿತ್ರ ಏನಾದರೂ ಇರಲಿ, ಅಳತೆ ಇಸ್ಪೀಟಿನದು, ಗುಂಡಗೆ ಕತ್ತರಿಸಿದ ಮೂಲೆ ಇಸ್ಪೀಟಿನದು, ಎರಡು ಬೆರಳ ನಡುವೆ ಬಾಗಿಸಿದರೆ ಟಪ್ಪೆಂದು ನೆಟ್ಟಗಾಗುವ ಆ ಸೊಕ್ಕೂ ಇಸ್ಪೀಟಿನದೇ. 

ಕಾಜಮ್ಮ ಎನ್ನುವುದು ಬೀದಿಯವರು ಇಟ್ಟ ಹೆಸರು. ಸುತ್ತಲಿನ ಟೈಲರ್ ಅಂಗಡಿಯವರು ಹೊಲಿದ ಅಂಗಿಗಳನ್ನು ಕಟ್ಟು ಕಟ್ಟಾಗಿ ಅವಳ ಮನೆಗೆ ಕಳಿಸುತ್ತಿದ್ದರು. ಅವಳು ಕಾಜ ಕತ್ತರಿಸಿ, ಅಂಚು ಹೊಲಿದು, ಗುಂಡಿ ಹಾಕಿ ವಾಪಸು ಕಳಿಸುತ್ತಿದ್ದಳು. ಮಷೀನಿನ ಕಾಜ ಬಂದಮೇಲೂ ಕೈಕಾಜವೇ ಆಗಬೇಕು ಎನ್ನುವ ಹಟಮಾರಿ ಗಿರಾಕಿಗಳು ಇದ್ದೇ ಇದ್ದರು, ಅವರ ಪುಣ್ಯದಿಂದ ಕಾಜಮ್ಮನ ಕೈಗೆ ಬಿಡುವಿರಲಿಲ್ಲ. ಆ ಹೆಸರು ಎಷ್ಟರಮಟ್ಟಿಗೆ ಅಂಟಿಕೊಂಡಿತ್ತೆಂದರೆ, ಒಮ್ಮೆ ಅವಳ ನಿಜವಾದ ಹೆಸರಿಗೆ ಬಂದ ಪಾರ್ಸಲನ್ನು "ಅಂಥವರು ಯಾರೂ ಇಲ್ಲಿಲ್ಲ" ಎಂದು ಎದುರುಮನೆಯವರೇ ವಾಪಸು ಕಳಿಸಿದ್ದರು.

ಸಂಜೆ ಎಲ್ಲರೂ ಊಟಕ್ಕೆ ಕೂತಾಗ ಅನ್ನದ ಪಾತ್ರೆಯ ಪಕ್ಕದಲ್ಲಿ ಆಮೆಯನ್ನಿಟ್ಟಳು.

"ಇದು ಯಾರದ್ದು?"

"ಅಯ್ಯೋ, ಸಿಕ್ತಾ ಅತ್ತೆ!" ಸೊಸೆಯ ಮುಖ ಅರಳಿತು. "ಮೊನ್ನೆಯಿಂದ ಹುಡುಕ್ತಾ ಇದ್ದೆ. ಇದಿಲ್ದೇ ಇದ್ರೆ ನನ್ನ ಡೆಕ್ಕೇ ಇಲ್ಲ."

"ಡೆಕ್ಕು ಅಂದ್ರೆ?"

"ಕಟ್ಟು ಅಮ್ಮ, ಕಾರ್ಡಿನ ಕಟ್ಟು," ಎಂದ ಚಿಕ್ಕ ಮಗ. ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದ ಇವನನ್ನು ಮನೆಯವರೂ ಹೊರಗಿನವರೂ ಕರೆಯುತ್ತಿದ್ದುದು ರೇಡಿಯೊ ಎಂದು. ಬೆಳಿಗ್ಗೆ ಕಣ್ಣು ಬಿಟ್ಟಾಗ ಶುರುವಾದ ಮಾತು ಮಲಗುವಾಗಷ್ಟೇ ನಿಲ್ಲುತ್ತಿತ್ತು. "ಏಳು ಕೋಟೆ ಅಂತ ಆಟ. ಅತ್ತಿಗೆ ಮದುವೆಗೆ ಮುಂಚಿಂದ್ಲೂ ಟೂರ್ನಮೆಂಟ್ ಆಡ್ತಾರೆ. ಈಗ ನನಗೂ ಕಲಿಸಿದ್ದಾರೆ. ಸ್ಟೇಷನರಿ ಅಂಗಡಿ ಮಹಡಿ ಮೇಲೆ ಪ್ರತಿ ಭಾನುವಾರ ನಡೆಯುತ್ತೆ. ಇದು ಇಸ್ಪೀಟಲ್ಲಮ್ಮ, ನೀನು ಗಾಬರಿಯಾಗಬೇಡ."

"ಎಲೆ ಕಲೆಸ್ತಾರಾ?"

"ಎಲೆ ಅಲ್ಲ, ಕಾರ್ಡು. ಕಲೆಸ್ತಾರೆ."

"ಹಂಚ್ತಾರಾ?"

"ಹಂಚಲ್ಲ. ಅವರವರ ಕಟ್ಟು ಅವರವರೇ ಮನೆಯಿಂದ ತರ್ತಾರೆ. ಅದರಿಂದಾನೇ ಎಳ್ಕೋತಾರೆ."

"ಗೆದ್ದವರಿಗೆ ಏನಾದ್ರೂ ಸಿಗುತ್ತಾ?"

"ಕಪ್ಪು ಸಿಗುತ್ತೆ. ಹೊಸ ಕಾರ್ಡು ಸಿಗುತ್ತೆ."

"ಮತ್ತೆ ಇಸ್ಪೀಟು ಅಂದ್ರೆ ಇನ್ನೇನು, ಅದಕ್ಕೇನು ಕೊಂಬಿರುತ್ತಾ?"

ದೊಡ್ಡ ಮಗ ತಟ್ಟೆಯಿಂದ ತಲೆ ಎತ್ತಿದ. ಅವನು ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಮಾತಿಗೂ ಆಯಿಲು ಖರ್ಚಾಗುತ್ತದೆ ಎಂದುಕೊಂಡವನಂತೆ ಇರುತ್ತಿದ್ದ. "ಆಡ್ಲಿ ಬಿಡಮ್ಮ. ವಾರವೆಲ್ಲ ಜನರ ಕೈಗೆ ಸೂಜಿ ಚುಚ್ಚಿ ಸಾಕಾಗಿರುತ್ತೆ ಅವಳಿಗೆ. ಅದು ಬರೀ ಆಟ."

ಬರೀ ಆಟ. ಇದೇ ಮಾತನ್ನು ಇದೇ ಧಾಟಿಯಲ್ಲಿ ಇವನ ಅಪ್ಪನೂ ಹೇಳುತ್ತಿದ್ದ. ಕಾಜಮ್ಮ ಆಮೆಯನ್ನು ಸೊಸೆಯ ಕಡೆ ತಳ್ಳಿ, ಬೇಳೆಯ ಪಾತ್ರೆಗೆ ಸೌಟು ಹಾಕಿದಳು. ಬಾಯಿ ಮುಚ್ಚಿಕೊಂಡಳೇ ಹೊರತು ಕಣ್ಣು ಮುಚ್ಚಿಕೊಳ್ಳಲಿಲ್ಲ.

ಅಂದಿನಿಂದ ಸೊಸೆಯ ಮೇಲೆ ಅವಳ ಕಾವಲು ಶುರುವಾಯಿತು. ಊಟದ ಮೇಜಿನ ಒಂದು ತುದಿಯಲ್ಲಿ ಅಂಗಿಗಳನ್ನು ಹರಡಿಕೊಂಡು ಕೂತಿದ್ದರೆ ಇನ್ನೊಂದು ತುದಿಯಲ್ಲಿ ಅತ್ತಿಗೆ ಮೈದುನ ಎದುರುಬದುರು ಕೂತು ಆಡುತ್ತಿದ್ದರು. ಕಾಜಮ್ಮನ ಸೂಜಿ ಗುಂಡಿಯ ತೂತಿನಲ್ಲಿ, ಕಿವಿ ಆ ತುದಿಯಲ್ಲಿ. ಕೇಳಿಬರುತ್ತಿದ್ದ ಮಾತಾದರೂ ಎಂಥವು! "ನಿನ್ನ ಗೋಡೆ ಒಡೆದೆ," "ಅವನನ್ನ ಸುಟ್ಟೆ," "ಇವಳನ್ನ ಬಲಿ ಕೊಟ್ಟೆ." ಫೋನು ಬಂದರೆ ಸೊಸೆ ಬಾಲ್ಕನಿಗೆ ಎದ್ದು ಹೋಗುತ್ತಿದ್ದಳು. "ನಿನ್ನ ಹತ್ರ ಇರೋ ಎರಡು ನನಗೆ ಕೊಡು, ಬದಲಿಗೆ ಮೂರು ಕೊಡ್ತೀನಿ. ಯಾರಿಗೂ ಹೇಳ್ಬೇಡ, ಟೂರ್ನಮೆಂಟಿಗೆ ಮುಂಚೆ ಗೊತ್ತಾಗಬಾರ್ದು." ಬಾಗಿಲ ಮರೆಯಲ್ಲಿ ಒದ್ದೆ ಟವೆಲ್ ಹಿಡಿದು ನಿಂತಿದ್ದ ಕಾಜಮ್ಮ ಅದನ್ನು ಒಣಹಾಕುವುದನ್ನೇ ಮರೆತಳು.

ರೇಡಿಯೊ ಒಮ್ಮೆ ಕುರ್ಚಿ ಎಳೆದು, "ಬಾರಮ್ಮ, ಕಲಿಸ್ತೀನಿ. ಒಂದು ಸಲ ಆಡಿದ್ರೆ ನಿನ್ನ ಅನುಮಾನವೆಲ್ಲ ಹೋಗುತ್ತೆ," ಎಂದ.

"ನನಗೆ ಎಲೆ ಕಲಿಸೋಕೆ ಬರಬೇಡ," ಎಂದು ಅವಳು ಹಲ್ಲಿನಿಂದ ದಾರ ಕಡಿದಳು. ಆ ಕುರ್ಚಿಯಲ್ಲಿ ಅವತ್ತು ಕೂತಿದ್ದರೆ ಮುಂದಿನ ರಾಮಾಯಣವೇ ಇರುತ್ತಿರಲಿಲ್ಲ.

ಆಟದ ವಿಷಯಕ್ಕೆ ಅತ್ತಿಗೆ ಮೈದುನರಿಗೆ ದಿನಾ ಜಟಾಪಟಿ. ರೇಡಿಯೊನದು ಬೆಂಕಿ ಕಟ್ಟು. ಎದುರಾಳಿ ಕಣ್ಣು ಬಿಡುವಷ್ಟರಲ್ಲಿ ಅವನ ಗೋಡೆ ಸುಟ್ಟು ಮುಗಿಸಬೇಕು, ತಡವಾದರೆ ಇವನೇ ಖಾಲಿ. ಸೊಸೆಯದು ತದ್ವಿರುದ್ಧ. ಮಂಜು ಎಂಬ ಕಾರ್ಡು ಹಾಕಿ ಹೊಡೆತ ತಪ್ಪಿಸುವುದು, ಬಾಗಿಲು ಕಾಯುವವಳನ್ನು ನಿಲ್ಲಿಸಿ ಬಂದವರನ್ನು ವಾಪಸು ಅಟ್ಟುವುದು, ಎದುರಿನವನ ಕೈ ಬರಿದಾಗುವವರೆಗೆ ಕಾಯುವುದು, ಆಮೇಲೆ ನಿಧಾನವಾಗಿ ಆಮೆಯನ್ನು ನಡೆಸುವುದು.

"ಇದೊಂದು ಆಟಾನಾ ಅತ್ತಿಗೆ? ಡೆಂಟಿಸ್ಟ್ ಹತ್ರ ಕಾದ ಹಾಗಿರುತ್ತೆ," ಎಂದು ರೇಡಿಯೊ ಮೈ ಪರಚಿಕೊಳ್ಳುತ್ತಿದ್ದ.

"ಕಾಯೋಕಾಗದೇ ಇರೋರು ಸೋಲ್ತಾರೆ."

"ನಾಲ್ಕು ಮಂಜು, ನಾಲ್ಕು ಬಾಗಿಲವಳು. ಈ ಎಂಟು ನಿಮ್ಮ ಕಟ್ಟಲ್ಲಿ ಇರೋವರೆಗೂ ನನ್ನ ಬೆಂಕಿ ಹತ್ತಲ್ಲ. ಯಾರಾದ್ರೂ ಇವನ್ನ ಎತ್ತಿ ಆಚೆ ಎಸೀಬೇಕು, ಆಗ ನೋಡಿ!"

ಎಲ್ಲರೂ ನಕ್ಕರು. ದೊಡ್ಡ ಮಗನೂ ನಕ್ಕ. ಮುಂದೆ ಈ ಮಾತೇ ರೇಡಿಯೊನ ಕುತ್ತಿಗೆಗೆ ಉರುಳಾಗುತ್ತದೆಂದು ಯಾರಿಗೆ ಗೊತ್ತಿತ್ತು? ಕಾಜಮ್ಮ ಆಗ ಅಡುಗೆಮನೆಯಲ್ಲಿ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಳು. ಅವಳ ಕಿವಿಗೆ ಬಿದ್ದದ್ದು ನಗು ಮಾತ್ರ.

ಆ ತಿಂಗಳ ಕೊನೆಯ ಭಾನುವಾರ ದೊಡ್ಡ ಟೂರ್ನಮೆಂಟಿತ್ತು. ಅಲ್ಲಿ ಗೆದ್ದ ಒಬ್ಬರಿಗೆ ಮಾತ್ರ ದೂರದ ಊರಿನಲ್ಲಿ ನಡೆಯುವ ಫೈನಲ್ಲಿಗೆ ಜಾಗ. ಹೋದ ವರ್ಷ ಸೊಸೆ ಅದನ್ನು ಕೂದಲೆಳೆಯಲ್ಲಿ ಕಳೆದುಕೊಂಡಿದ್ದಳು. ಈ ವರ್ಷ ಅವಳದೇ ಎಂದು ಎಲ್ಲರ ಬಾಯಲ್ಲೂ ಇತ್ತು. ಲ್ಯಾಬಿನಲ್ಲಿ ಒಂದು ವಾರ ರಜೆಯನ್ನೂ ಹೇಳಿಟ್ಟಿದ್ದಳು.

ಭಾನುವಾರ ಬೆಳಿಗ್ಗೆ ಸೊಸೆ ಸ್ನಾನಕ್ಕೆ ಹೋದಳು. ಗಂಡುಮಕ್ಕಳಿಬ್ಬರೂ ಬ್ರೆಡ್ ತರಲು ಕೆಳಗಿಳಿದಿದ್ದರು. ಮೇಜಿನ ಮೇಲೆ ಕಟ್ಟಿನ ಡಬ್ಬಿ ಇತ್ತು. ಕಾಜಮ್ಮ ನೀರಿನ ಸದ್ದು ಕೇಳುತ್ತಿದೆಯೇ ಎಂದು ಖಚಿತಪಡಿಸಿಕೊಂಡು ಡಬ್ಬಿ ಬಿಚ್ಚಿದಳು, ಎಣಿಸಿದಳು.

ಅರವತ್ತು.

ಮತ್ತೆ ಎಣಿಸಿದಳು. ಅರವತ್ತೇ. ಅವಳಿಗೆ ತಿಳಿದ ಮಟ್ಟಿಗೆ ಒಂದು ಕಟ್ಟೆಂದರೆ ಐವತ್ತೆರಡು ಎಲೆ. ಎಂಟು ಹೆಚ್ಚು! ಮೇಜಿನ ಮೇಲೆ ಹರಡಿ ನೋಡಿದರೆ ಒಂದೇ ಚಿತ್ರದ ಎಲೆ ಎರಡು, ಮೂರು, ನಾಲ್ಕು. ಇಸ್ಪೀಟಿನಲ್ಲಿ ಒಂದೇ ರಾಜ ಎರಡು ಸಲ ಬಂದರೆ ಹೆಣ ಬೀಳುತ್ತದೆ. ಇಲ್ಲಿ ನಾಲ್ಕು! ಇನ್ನೂ ಬಗ್ಗಿ ನೋಡಿದಳು. ಎಲ್ಲ ಎಲೆಗಳೂ ಸಾದಾ, ಆದರೆ ಕೆಲವು ಮಾತ್ರ ಬೆಳಕಿಗೆ ಹಿಡಿದರೆ ಮೀನಿನ ಹೊಟ್ಟೆಯಂತೆ ಮಿರುಗುತ್ತಿದ್ದವು. ಮಿರುಗುವವನ್ನು ಬೇರೆ ಇಟ್ಟು ಎಣಿಸಿದಳು. ಸರಿಯಾಗಿ ಎಂಟು. ಉಳಿದದ್ದು ಐವತ್ತೆರಡು. ಇನ್ನು ಅನುಮಾನವೇನು ಬಂತು? ಇವು ಸೇರಿಸಿದ ಎಲೆಗಳು. ಕೈಗೆ ಸಿಕ್ಕ ತಕ್ಷಣ ಗುರುತು ಸಿಗಲಿ ಎಂದು ಮಿರುಗು ಹಚ್ಚಿದ್ದಾರೆ.

ತೀರಿಹೋದ ಅವಳ ಗಂಡನೂ ಟೈಲರ್. ಮನೆಯ ಮಷೀನಿನಲ್ಲಿ ಅವನು ಹೊಲಿದ ಕೋಟು ತೊಟ್ಟವರು ಕನ್ನಡಿಯ ಮುಂದಿನಿಂದ ಕದಲುತ್ತಿರಲಿಲ್ಲ ಎಂದು ಈಗಲೂ ಹೇಳುವವರಿದ್ದರು. ಒಂದು ದಿನ ಮಷೀನಿನ ಸೂಜಿ ಬಲಗೈ ಬೆರಳುಗಳಿಗೆ ಹೊಕ್ಕು, ಕೀವಾಗಿ, ಕೈ ಸೆಟೆದುಕೊಂಡಿತು ಎಂದು ಮಕ್ಕಳಿಗೆ ಗೊತ್ತಿತ್ತು. ನಿಜ ಬೇರೆ. ಆಟದ ಮನೆಯಲ್ಲಿ ಅವನ ಬಳಿ ಹೆಚ್ಚಿನ ಎಲೆ ಸಿಕ್ಕಿತ್ತು. ಆಡುತ್ತಿದ್ದವರು ಅವನ ಅಂಗೈಯನ್ನು ಮೇಜಿನ ಕಾಲಿನ ಕೆಳಗಿಟ್ಟು, ಮೇಜಿನ ಮೇಲೆ ಹತ್ತಿ ನಿಂತಿದ್ದರು. ಇದು ಕಾಜಮ್ಮನೊಬ್ಬಳಿಗೇ ಗೊತ್ತು. ಮಕ್ಕಳಿಗೆ ಅಪ್ಪನೆಂದರೆ ಇವತ್ತಿಗೂ ಪ್ರಾಣ. ಆ ಪ್ರಾಣಕ್ಕೆ ಕೈ ಹಚ್ಚುವ ಧೈರ್ಯ ಅವಳಿಗೆ ಎಂದೂ ಬಂದಿರಲಿಲ್ಲ.

ಲ್ಯಾಬಿನಲ್ಲಿ ಮಕ್ಕಳ ಕೈಯಿಂದಲೂ ನೋವಾಗದ ಹಾಗೆ ರಕ್ತ ತೆಗೆಯುವ ಬೆರಳು ಈ ಹುಡುಗಿಯದು. ಬಚ್ಚಲಲ್ಲಿ ನೀರು ನಿಂತಿತು. ಕಾಜಮ್ಮ ಐವತ್ತೆರಡನ್ನು ಡಬ್ಬಿಗೆ ಹಾಕಿ ಮುಚ್ಚಿದಳು. ಎಂಟನ್ನು ತನ್ನ ಗುಂಡಿ ಡಬ್ಬಿಯ ತಳಕ್ಕೆ ಸೇರಿಸಿದಳು. ಸೋತರೆ ಸೋಲಲಿ, ಬೆರಳು ಉಳಿಯಲಿ. ಟೀಗೆ ನೀರಿಡುವಾಗ ಅವಳಿಗೆ ಎಷ್ಟೋ ದಿನಗಳ ಮೇಲೆ ಹೊಟ್ಟೆ ಹಗುರಾಗಿತ್ತು.

ಹೊತ್ತಾಯಿತೆಂದು ಸೊಸೆ ಅರ್ಧ ಟೀ ಕುಡಿದು, ಡಬ್ಬಿಯನ್ನು ಬ್ಯಾಗಿಗೆ ಹಾಕಿಕೊಂಡು ರೇಡಿಯೊನ ಜೊತೆ ಓಡಿದಳು. ಹಿಂದಿನ ದಿನವೇ ಎರಡೆರಡು ಸಲ ಎಣಿಸಿಟ್ಟಿದ್ದ ಕಟ್ಟು ಅದು, ಮತ್ತೆ ಬಿಚ್ಚಿ ನೋಡಬೇಕೆಂದು ಅವಳಿಗೆ ಅನ್ನಿಸಲಿಲ್ಲ.

ಮಧ್ಯಾಹ್ನಕ್ಕೇ ವಾಪಸು ಬಂದಳು. ಬಂದವಳು ಚಪ್ಪಲಿ ಬಿಡಲಿಲ್ಲ, ನೇರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಸಂಜೆ ರೇಡಿಯೊ ಬಂದ. ಕೈಯಲ್ಲಿ ಕಪ್ಪು, ಮುಖದಲ್ಲಿ ಮಾತ್ರ ಗೆದ್ದ ಕಳೆಯಿರಲಿಲ್ಲ.

"ಅತ್ತಿಗೆ, ನಾನು ಗೆದ್ದುಬಿಟ್ಟೆ. ಹೇಗಾಯ್ತೋ ಗೊತ್ತಿಲ್ಲ..."

ಕೋಣೆಯ ಬಾಗಿಲು ತೆರೆಯಿತು. "ನನಗೆ ಗೊತ್ತು ಹೇಗಾಯ್ತು ಅಂತ."

"ಏನಾಯ್ತು? ಸರಿಯಾಗಿ ಹೇಳಿ," ಎಂದ ದೊಡ್ಡ ಮಗ.

ಸೊಸೆ ಅತ್ತೆಯ ಕಡೆಗೂ ನೋಡಲಿಲ್ಲ, ಮೈದುನನ ಕಡೆಗೂ ನೋಡಲಿಲ್ಲ. ಮೇಜನ್ನು ನೋಡುತ್ತಾ ಹೇಳಿದಳು. "ಆಟ ಶುರುವಾಗೋ ಮುಂಚೆ ತೀರ್ಪುಗಾರರು ಕೆಲವರ ಕಟ್ಟು ತಗೊಂಡು ಎಣಿಸ್ತಾರೆ. ಅರವತ್ತು ಇರ್ಲೇಬೇಕು. ಅದು ನಿಯಮ. ನನ್ನದು ತಗೊಂಡ್ರು. ಐವತ್ತೆರಡಿತ್ತು. ಎಂಟು ಎಲ್ಲಿ ಅಂತ ಕೇಳಿದ್ರು, ಗೊತ್ತಿಲ್ಲ ಅಂದೆ. ಬಚ್ಚಿಟ್ಟಿದ್ದೀರಾ ಅಂತ ಎಲ್ಲರೆದುರು ಬ್ಯಾಗ್ ಸುರುವಿದ್ರು. ತೋಳು ಮಡಿಸಿ ತೋರಿಸಿ ಅಂದ್ರು. ಎಂಟು ವರ್ಷದಿಂದ ಆಡ್ತಿರೋಳು ನಾನು. ತೋಳು ಮಡಿಸಿ ನಿಂತ್ಕೊಂಡೆ. ಆಮೇಲೆ ಆಟದಿಂದಾನೇ ಆಚೆ ಹಾಕಿದ್ರು."

ಕಾಜಮ್ಮ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟಳು. ಅರವತ್ತು ಇರಲೇಬೇಕು. ಆ ಮಾತು ಅವಳ ಕಿವಿಯಲ್ಲೇ ನಿಂತಿತು.

"ಎಂಟು ಅಂದ್ರೆ ಯಾವ ಎಂಟು?" ದೊಡ್ಡ ಮಗ ಕೇಳಿದ.

"ನಾಲ್ಕು ಮಂಜು. ನಾಲ್ಕು ಬಾಗಿಲವಳು." ಈಗ ಸೊಸೆ ತಲೆ ಎತ್ತಿ ನೇರವಾಗಿ ರೇಡಿಯೊನನ್ನು ನೋಡಿದಳು. "ಆಟ ಗೊತ್ತಿಲ್ಲದವರು ತೆಗೆದಿದ್ರೆ ಕೈಗೆ ಸಿಕ್ಕಿದ್ದು ತೆಗೀತಿದ್ರು. ಇದು ಆಟ ಗೊತ್ತಿರೋರ ಕೆಲಸ. ಯಾವ ಎಂಟು ತೆಗೆದ್ರೆ ನನ್ನ ಬೆನ್ನುಮೂಳೆ ಮುರಿಯುತ್ತೆ ಅಂತ ಗೊತ್ತಿರೋರ ಕೆಲಸ. ಈ ಮನೇಲಿ ಅಂಥವರು ಎಷ್ಟು ಜನ ಇದ್ದಾರೆ?"

"ಅತ್ತಿಗೆ! ನನ್ನಾಣೆ..."

"ಯಾರಾದ್ರೂ ಎತ್ತಿ ಆಚೆ ಎಸೀಬೇಕು ಅಂತ ಅಂದಿದ್ದು ನೀನೋ ನಾನೋ?"

"ಅದು ತಮಾಷೆಗೆ ಅಂದಿದ್ದು!"

"ಗೆದ್ದಿದ್ದೂ ತಮಾಷೆಗೇನಾ?"

ರೇಡಿಯೊನ ಬಾಯಿ ತೆರೆದಿತ್ತು, ಮಾತು ಹೊರಡಲಿಲ್ಲ. ಮಾತಿನ ಮಲ್ಲ ಮಾತು ಕಳೆದುಕೊಂಡು ನಿಂತದ್ದನ್ನು ನೋಡಿ ದೊಡ್ಡ ಮಗನಿಗೆ ಅದೇ ಸಾಕ್ಷಿಯೆನಿಸಿತು. ಸುಳ್ಳು ಸಿಕ್ಕಿಬಿದ್ದಾಗ ಮಾತ್ರ ಇವನು ಹೀಗೆ ಬಾಯಿ ಕಟ್ಟಿದವನಂತೆ ನಿಲ್ಲುವುದು ಎಂದುಕೊಂಡ. ಕಾಜಮ್ಮ ಒಳಗೆ ಹೋದಳು. ಒಲೆಯ ಮೇಲೆ ಏನೂ ಇರಲಿಲ್ಲ, ಆದರೂ ಒಲೆಯ ಮುಂದೆ ನಿಂತಳು. ಈಗಲೇ ಹೋಗಿ ಹೇಳಿಬಿಡಲೇ? ಹೇಳಿದರೆ ಯಾಕೆ ಎನ್ನುತ್ತಾರೆ. ಯಾಕೆ ಎಂದರೆ ಐವತ್ತೆರಡು ಎನ್ನಬೇಕು. ಐವತ್ತೆರಡು ಎಂದರೆ ಅವರಪ್ಪ. ನಾಳೆಗೆ ಇದು ತಾನಾಗಿ ತಣ್ಣಗಾಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡು ಈರುಳ್ಳಿ ಹೆಚ್ಚಲು ಕೂತಳು.

ತಣ್ಣಗಾಗಲಿಲ್ಲ. ಮೊದಲ ವಾರ ಸೊಸೆ ಕೋಣೆಯ ಕಪಾಟಿಗೆ ಬೀಗ ತಂದಳು. ಅದನ್ನು ನೋಡಿ ರೇಡಿಯೊನೂ ತನ್ನ ಪೆಟ್ಟಿಗೆಗೆ ಒಂದು ಬೀಗ ತಂದ. ಬೀಗವೆಂಬುದೇ ಇಲ್ಲದಿದ್ದ ಮನೆಯಲ್ಲಿ ಈಗ ಯಾರು ಯಾವ ಕಡೆ ತಿರುಗಿದರೂ ಬೀಗದ ಕೈ ಗಿಲಕ್ಕೆನ್ನುತ್ತಿತ್ತು. ಎರಡನೆಯ ವಾರ ಊಟದ ಹೊತ್ತು ಬೇರೆಯಾಯಿತು. ಗಂಡಹೆಂಡತಿ ಮೊದಲು, ರೇಡಿಯೊ ಆಮೇಲೆ. ಕಾಜಮ್ಮ ಅದೇ ಬೇಳೆಯನ್ನು ಎರಡೆರಡು ಸಲ ಬಿಸಿ ಮಾಡಿದಳು. ಬಾತ್‌ರೂಮಿನ ದೀಪ ಆರಿಸದಿದ್ದರೆ, ಹಾಲು ಉಕ್ಕಿದರೆ, ಪೊರಕೆ ಜಾಗದಲ್ಲಿಲ್ಲದಿದ್ದರೆ "ಇನ್ಯಾರು ಮಾಡಿರ್ತಾರೆ" ಎಂದು ಸೊಸೆ. ಹಾಲು ಉಕ್ಕಿಸಿದ್ದು ಕಾಜಮ್ಮ. ಆ ಮಾತನ್ನೂ ಅವಳು ಹೇಳಲಿಲ್ಲ.

ರೇಡಿಯೊ ತನ್ನ ಜಾಗ ಬಿಟ್ಟುಕೊಡುತ್ತೇನೆಂದ. ಬಟ್ಟೆ ಮಡಿಸುತ್ತಿದ್ದ ಅತ್ತಿಗೆಯ ಎದುರು ನಿಂತು, "ನಾನು ಹೋಗಲ್ಲ ಅತ್ತಿಗೆ. ನೀವೇ ಹೋಗಿ. ಸಂಘಟಕರ ಹತ್ರ ನಾನೇ ಮಾತಾಡ್ತೀನಿ," ಎಂದ.

"ಕದ್ದಿದ್ದು ವಾಪಸ್ ಕೊಟ್ರೆ ಕದ್ದಿಲ್ಲ ಅಂತ ಆಗುತ್ತಾ?"

"ಹಾಗಾದ್ರೆ ಏನು ಮಾಡಲಿ? ಹೋದ್ರೂ ಕಳ್ಳ, ಹೋಗದೇ ಇದ್ರೂ ಕಳ್ಳ!"

"ನಾನು ಆಟ ಕಲಿಸಿದೆನಲ್ಲ, ಅದೇ ತಪ್ಪು ನನ್ನದು."

ಅವತ್ತಿನಿಂದ ರೇಡಿಯೊ ಮನೆಯಲ್ಲಿ ಮಾತಾಡುವುದನ್ನೇ ನಿಲ್ಲಿಸಿದ. ಬೆಳಿಗ್ಗೆ ಹೋಗುತ್ತಿದ್ದ, ಕತ್ತಲಾದ ಮೇಲೆ ಬರುತ್ತಿದ್ದ, ಅನ್ನ ಕಲಸಿ ಕಲಸಿ ಬಿಟ್ಟು ಏಳುತ್ತಿದ್ದ. ಇವನ ಬಾಯಿ ಯಾವಾಗ ನಿಲ್ಲುತ್ತದೋ ಎಂದು ವರ್ಷಗಟ್ಟಲೆ ಬೈದಿದ್ದ ಕಾಜಮ್ಮನಿಗೆ ಈ ಮೌನವನ್ನು ಕೇಳಲಾಗಲಿಲ್ಲ. ಅಂಗಿಯೊಂದಕ್ಕೆ ಎಡಗಡೆ ಹಾಕಬೇಕಾದ ಕಾಜವನ್ನು ಬಲಗಡೆ ಕತ್ತರಿಸಿಬಿಟ್ಟಳು. ಇಷ್ಟು ವರ್ಷದಲ್ಲಿ ಅವಳ ಕೈ ಹಾಗೆ ತಪ್ಪಿರಲಿಲ್ಲ.

ದೊಡ್ಡ ಮಗ ಒಂದು ಸಂಜೆ ಕೈಯ ಗ್ರೀಸು ತೊಳೆಯುತ್ತಾ, ತಿರುಗಿ ನೋಡದೆ ಹೇಳಿದ. "ಡಿಪೋ ಹಿಂದೆ ಒಂದು ರೂಮು ಖಾಲಿ ಇದೆ. ಅವನಿಗೆ ಹೇಳಿದೀನಿ. ಭಾನುವಾರ ಹೋಗ್ತಾನೆ."

"ಮನೆ ಬಿಟ್ಟು ಕಳಿಸ್ತೀಯೇನೋ? ನಾಲ್ಕು ಎಲೆಗೋಸ್ಕರ?"

"ಎಲೆಗೋಸ್ಕರ ಅಲ್ಲಮ್ಮ. ಮಾಡಿದೀನಿ ಅಂತ ಒಪ್ಕೊಂಡಿದ್ರೆ ನಾನೇ ಅವಳ ಕಾಲು ಹಿಡಿದು ಸರಿಮಾಡ್ತಿದ್ದೆ. ಮಾಡಿ ಬಚ್ಚಿಟ್ಕೊಂಡು, ಎದುರಿಗೇ ಕೂತು ಅನ್ನ ತಿಂತಾನಲ್ಲ, ಅದನ್ನ ನನ್ನ ಕೈಲಿ ನೋಡೋಕಾಗಲ್ಲ."

ಅವನ ದನಿಯಲ್ಲಿ ಸಿಟ್ಟಿಗಿಂತ ಬೇರೇನೋ ಇತ್ತು. ಅದೇನೆಂದು ಯೋಚಿಸುವ ಸ್ಥಿತಿಯಲ್ಲಿ ಕಾಜಮ್ಮ ಇರಲಿಲ್ಲ. ಮಾಡಿ, ಬಚ್ಚಿಟ್ಟುಕೊಂಡು, ಎದುರಿಗೇ ಕೂತು ಅನ್ನ ತಿನ್ನುತ್ತಿದ್ದವಳು ಅವಳೇ. ಹೇಳಿದರೆ ಅಪ್ಪ ಎಂಬ ದೊಡ್ಡ ಮನುಷ್ಯ ಮಕ್ಕಳ ಕಣ್ಣಲ್ಲಿ ಮೋಸಗಾರನಾಗುತ್ತಾನೆ, ಹೇಳದಿದ್ದರೆ ಹೊಟ್ಟೆಯಲ್ಲಿ ಹುಟ್ಟಿದವನು ಕಳ್ಳನೆನಿಸಿಕೊಂಡು ಮನೆ ಬಿಡುತ್ತಾನೆ. ಸತ್ತವನನ್ನು ಉಳಿಸುವುದೋ, ಇರುವವನನ್ನೋ?

ಭಾನುವಾರ ಬೆಳಿಗ್ಗೆ ರೇಡಿಯೊನ ಬ್ಯಾಗು ಬಾಗಿಲ ಹತ್ತಿರ ಬಂದು ಕೂತಿತು. ಹೊರಡುವ ಮುಂಚೆ ಒಂದು ಲೋಟ ಟೀ ಕುಡಿ ಎಂದು ಕಾಜಮ್ಮ ಅವನನ್ನು ಕೂರಿಸಿದಳು. ಅವನೊಬ್ಬನೇ ಕೂತಿದ್ದ ಮೇಜಿಗೆ ಸೊಸೆಯನ್ನೂ ದೊಡ್ಡ ಮಗನನ್ನೂ ಕರೆದಳು. "ಎಲ್ಲರೂ ಕೂತ್ಕೊಳ್ಳಿ. ಇವತ್ತೊಂದು ದಿನ ಒಟ್ಟಿಗೆ ಕೂತ್ಕೊಳ್ಳಿ." ಮೊಟ್ಟೆ ಬೇಯಿಸಿದ ಪಾತ್ರೆಯನ್ನು ಮಧ್ಯದಲ್ಲಿಟ್ಟಳು. ತಾನು ಕೂರಲಿಲ್ಲ.

"ಆ ಎಲೆ ತೆಗೆದಿದ್ದು ನಾನು."

ದೊಡ್ಡ ಮಗ ಬ್ರೆಡ್ಡಿನ ತುಂಡನ್ನು ತಟ್ಟೆಗೆ ಹಾಕಿದ. "ಅಮ್ಮ, ಅವನನ್ನ ಉಳಿಸ್ಕೊಳ್ಳೋಕೆ ಇಂಥದ್ದೆಲ್ಲ ಹೇಳ್ಬೇಡ."

ಕಾಜಮ್ಮ ಒಳಗೆ ಹೋಗಿ ಗುಂಡಿ ಡಬ್ಬಿ ತಂದು ಮೇಜಿನ ಮೇಲೆ ಬೋರಲು ಹಾಕಿದಳು. ಗುಂಡಿಗಳು ಉರುಳಿ ಕೆಳಗೆಲ್ಲ ಚೆಲ್ಲಿದವು. ಎಂಟು ಎಲೆಗಳು ಮಿರುಗುತ್ತಾ ಬಿದ್ದವು. ಸೊಸೆ ಅವನ್ನು ಎತ್ತಿಕೊಂಡು ಒಂದೊಂದಾಗಿ ನೋಡಿದಳು. ಆಮೇಲೆ ಅವಳ ನೋಟ ಹೋದದ್ದು ಮೈದುನನ ಕಡೆಗೇ.

"ಬಚ್ಚಿಡೋಕೆ ಅತ್ತೆ ಕೈಗೆ ಕೊಟ್ಟಿದ್ಯಾ? ನಿನಗೆ ನಾಚಿಕೆಯಾಗಲ್ವಾ, ವಯಸ್ಸಾದವರನ್ನ ಇದಕ್ಕೆ ಎಳೆಯೋಕೆ?"

"ನಾನು ಇವನ್ನ ಈಗಲೇ ನೋಡ್ತಿರೋದು!"

"ಅವನಿಗೆ ಗೊತ್ತಿಲ್ಲ ಕಣಮ್ಮ. ನಾನೇ..."

"ಅತ್ತೆ, ಒಂದು ನಿಮಿಷ." ಸೊಸೆಯ ದನಿ ಗಟ್ಟಿಯಾಯಿತು. "ಆಮೆ ಯಾವುದು ಮಂಜು ಯಾವುದು ಅಂತ ನಿಮಗೆ ಗೊತ್ತಿಲ್ಲ. ಅರವತ್ತರಲ್ಲಿ ಸರಿಯಾಗಿ ಇದೇ ಎಂಟನ್ನ ಹೇಗೆ ಹುಡುಕಿ ತೆಗೆದ್ರಿ? ಅದನ್ನ ಹೇಳಿ, ನಂಬ್ತೀನಿ."

"ಮಿರುಗ್ತಾ ಇದ್ವು."

"ಇಷ್ಟಪಟ್ಟು ಹುಡುಕಿ ತಗೊಂಡಿರೋ ಕಾರ್ಡು, ಅದಕ್ಕೇ ಮಿರುಗುತ್ತೆ. ಮಿರುಗಿದ್ರೆ ನಿಮಗೇನು?"

"ಕಟ್ಟಲ್ಲಿ ಇರಬೇಕಾದ್ದು ಐವತ್ತೆರಡು. ಎಂಟು ಹೆಚ್ಚಿತ್ತು. ಮೋಸಕ್ಕೆ ಸೇರಿಸಿರೋದು ಅಂದ್ಕೊಂಡೆ. ಅಲ್ಲಿ ಸಿಕ್ಕಿಬಿದ್ರೆ ನಿನ್ನ ಕೈ ಮುರೀತಾರೆ ಅಂದ್ಕೊಂಡೆ."

"ಯಾರಮ್ಮ ಕೈ ಮುರಿಯೋರು?" ಎಂದ ದೊಡ್ಡ ಮಗ. "ಇಸ್ಪೀಟು ಹೇಗಿರುತ್ತೆ ಅಂತಾನೂ ನೋಡದೇ ಇರೋಳು ನೀನು. ಈ ಲೆಕ್ಕವೆಲ್ಲ ನಿನಗೆ ಯಾರು ಹೇಳ್ಕೊಟ್ರು? ಇವನಾ?"

ಕಾಜಮ್ಮ ಕುರ್ಚಿ ಎಳೆದುಕೊಂಡು ಕೂತಳು. ಇನ್ನು ದಾರಿಯಿರಲಿಲ್ಲ.

"ನಿಮ್ಮಪ್ಪ," ಎಂದಳು. "ನಿಮ್ಮಪ್ಪ ಆಡ್ತಿದ್ರು. 'ಇದು ಜೂಜಲ್ಲ ಕಣೇ, ಬರೀ ಆಟ' ಅಂತಿದ್ರು. ಆಮೇಲೆ ಒಂದು ದಿನ ತಮ್ಮದೇ ಒಂದು ಕೋಟು ತಂದು, ತೋಳಿನ ಒಳಗಡೆ ಅಸ್ತರಿಗೆ ಒಂದು ಕಾಜ ಹಾಕ್ಕೊಡು ಅಂದ್ರು. ಇಷ್ಟುದ್ದ. ಒಂದು ಎಲೆ ತೂರುವಷ್ಟು. ತಾವೇ ಹೊಲ್ಕೋಬಹುದಿತ್ತು, ಯಾಕೋ ನನ್ನ ಕೈಲಿ ಹೊಲಿಸಿದ್ರು. ಯಾಕೆ ಅಂತ ನಾನು ಕೇಳಲಿಲ್ಲ. ಗೊತ್ತಿತ್ತು, ಕೇಳಲಿಲ್ಲ. ನನ್ನ ಜನ್ಮದಲ್ಲಿ ನಾನು ಹೊಲಿದ ಮೊದಲನೇ ಕಾಜ ಅದು."

ಅವಳು ಮೇಜಿನ ಮೇಲಿದ್ದ ಒಂದು ಎಲೆಯನ್ನು ಅಂಗೈಗೆ ಹಾಕಿಕೊಂಡಳು, ಮಣಿಕಟ್ಟನ್ನು ತುಸು ಓರೆ ಮಾಡಿದಳು. ಎಲೆ ಅವಳ ಸ್ವೆಟರಿನ ತೋಳಿನೊಳಗೆ ಹೋಗಿ ಕಾಣದಾಯಿತು. ಎಂಟು ವರ್ಷದಿಂದ ಕಾರ್ಡು ಹಿಡಿದು ಆಡುತ್ತಿದ್ದ ಸೊಸೆಯ ಕಣ್ಣಿಗೂ ಅದು ಹೋದದ್ದು ಕಾಣಲಿಲ್ಲ. ಕಾಜಮ್ಮ ಎಲೆಯನ್ನು ಹೊರಗೆ ಎಳೆದು ಮೇಜಿಗಿಟ್ಟಳು.

"ಮನೇಲಿ ನನ್ನ ಎದುರು ಕೂತು ಅಭ್ಯಾಸ ಮಾಡ್ತಿದ್ರು. ಒಂದಿನ ಸಿಕ್ಕಿಬಿದ್ರು. ಒಂದೇ ರಾಜ ಎರಡು ಸಲ ಬಂತು. ಅವರ ಕೈ ಮೇಜಿನ ಕಾಲಿನ ಕೆಳಗಿಟ್ಟು, ಮೇಲೆ ಹತ್ತಿ ನಿಂತರಂತೆ. ಸೂಜಿ ಗೀಜಿ ಏನೂ ಇಲ್ಲ. ಆಮೇಲೆ ಅವರ ಕೈಲಿ ಸೂಜಿ ನಿಲ್ಲಲಿಲ್ಲ, ನಾನು ಕಾಜ ಹೊಲಿಯೋಕೆ ಕೂತೆ. ನಿಮಗೆ ಹೇಳೋಕೆ ನನಗೆ ಬಾಯಿ ಬರಲಿಲ್ಲ. ಇವತ್ತೂ ಬರ್ತಿರಲಿಲ್ಲ."

ಸೊಸೆ ಎದ್ದಳು. ಕಾಲಿಗೆ ಸಿಕ್ಕ ಗುಂಡಿಗಳನ್ನು ದಾಟಿ ಬಾಗಿಲ ಹತ್ತಿರ ಹೋಗಿ, ರೇಡಿಯೊನ ಬ್ಯಾಗನ್ನು ಎತ್ತಿ ಒಳಗಿನ ಕೋಣೆಗೆ ಹಾಕಿ ಬಂದಳು. ಪಾತ್ರೆಯಿಂದ ಒಂದು ಮೊಟ್ಟೆ ತೆಗೆದು, ಸಿಪ್ಪೆ ಸುಲಿದು ಅವನ ತಟ್ಟೆಯಲ್ಲಿಟ್ಟಳು.

"ತಪ್ಪಾಯ್ತು ಕಣೋ. ನಿನ್ನನ್ನ ಕಳ್ಳ ಅಂದೆ. ಹೇಗೆ ವಾಪಸ್ ತಗೊಳ್ಳಬೇಕೋ ಗೊತ್ತಾಗ್ತಿಲ್ಲ."

ರೇಡಿಯೊ ಮೊಟ್ಟೆಯನ್ನು ನೋಡುತ್ತಾ ಕೂತಿದ್ದ. "ಫೈನಲ್ಲಿಗೆ ಆ ಎಂಟನ್ನ ನನಗೆ ಕೊಡಿ. ಬೆಂಕಿ ಜೊತೆ ಮಂಜು ಸೇರಿಸಿ ನೋಡ್ತೀನಿ," ಎಂದ. ದನಿ ಒಡೆದಿತ್ತು, ಆದರೂ ಅದು ರೇಡಿಯೊನ ದನಿಯೇ.

"ಸೇರಿಸಬೇಡ, ಮಣ್ಣು ತಿಂತೀಯ," ಎಂದಳು ಸೊಸೆ ಮೂಗೊರೆಸಿಕೊಳ್ಳುತ್ತಾ. ಆಮೇಲೆ ಅತ್ತೆಯ ಕಡೆ ತಿರುಗಿದಳು. "ನನ್ನ ಕೇಳಬಹುದಿತ್ತಲ್ಲ ಅತ್ತೆ. ಒಂದು ಮಾತು. ಯಾಕೆ ಅರವತ್ತಿದೆ ಅಂತ ಒಂದು ಮಾತು ಕೇಳಿದ್ರೆ ಆಗ್ತಿತ್ತು." ಸಿಟ್ಟು ಇನ್ನೂ ಇತ್ತು, ಇರಬೇಕಾದದ್ದೇ. ಕಾಜಮ್ಮ ತಲೆ ತಗ್ಗಿಸಿ ಅದನ್ನು ಹೊಟ್ಟೆಗೆ ಹಾಕಿಕೊಂಡಳು.

ಅವಳಿಗೆ ಹೆದರಿಕೆಯಿದ್ದದ್ದು ದೊಡ್ಡ ಮಗನದು. ಅಪ್ಪನ ಹೆಸರೆತ್ತಿದರೆ ಈಗಲೂ ದನಿ ತಗ್ಗಿಸುತ್ತಿದ್ದವನು ಅವನು. ಎದ್ದು ಹೋಗುತ್ತಾನೆ, ಇಲ್ಲವೆ ನನ್ನ ಮುಖ ನೋಡಬೇಡ ಎನ್ನುತ್ತಾನೆ ಎಂದು ಕಾದಳು. ಅವನು ತಟ್ಟೆ ಸರಿಸಿ ಕೇಳಿದ.

"ಮಷೀನಿನ ಸೂಜಿ ಹೊಕ್ಕಿದ್ದು ಸುಳ್ಳಾ?"

"ಸುಳ್ಳು."

"ಮಷೀನಿಂದ ಏನೂ ಆಗಿರಲಿಲ್ವಾ?"

"ಇಲ್ಲಪ್ಪ. ಅವತ್ತು ಅವರು ಮಷೀನಿನ ಹತ್ರಾನೇ ಹೋಗಿರಲಿಲ್ಲ."

"ಸರಿಯಾಗಿ ಹೇಳಮ್ಮ. ಮುಟ್ಟೇ ಇರಲಿಲ್ವಾ?"

"ಮುಟ್ಟೇ ಇರಲಿಲ್ಲ. ಯಾಕೋ?"

ಅವನ ಕೈಗಳು ಮೇಜಿನ ಮೇಲಿದ್ದವು. ದಿನವಿಡೀ ಎಂಜಿನ್ನುಗಳನ್ನು ಬಿಚ್ಚಿ ಜೋಡಿಸುವ ಕೈಗಳು, ಒಂದನ್ನೊಂದು ಹಿಡಿದುಕೊಂಡಿದ್ದವು.

"ಅವತ್ತು ಬೆಳಿಗ್ಗೆ ಸ್ಕೂಲಿಗೆ ಹೋಗೋ ಮುಂಚೆ, ಸೂಜಿ ಹಿಡ್ಕೊಳ್ಳೋ ತಿರುಪು ಬಿಚ್ಚಿದ್ದೆ ನಾನು. ಹೇಗಿರುತ್ತೆ ನೋಡೋಣ ಅಂತ. ವಾಪಸ್ ಬಿಗಿ ಮಾಡೋಕೆ ಬರಲಿಲ್ಲ, ಸುಮ್ನೆ ಸಿಕ್ಕಿಸಿಟ್ಟು ಓಡಿಹೋದೆ. ಸಂಜೆ ಬಂದರೆ ಅಪ್ಪನ ಕೈಗೆ ಬಟ್ಟೆ ಸುತ್ತಿತ್ತು. ಸೂಜಿ ಹೊಕ್ತು ಅಂತ ನೀನು ಹೇಳಿದೆ."

ಕಾಜಮ್ಮ ಮೇಜಿನ ಈ ಕಡೆಯಿಂದ ಬಾಗಿ ಅವನ ಎರಡೂ ಕೈಗಳನ್ನು ಹಿಡಿದುಕೊಂಡಳು. ಆಗ ಅವನು ಆರು ವರ್ಷದ ಕೂಸು. ಎದುರಿಗೇ ಬೆಳೆದ, ಎದುರಿಗೇ ಕೂತು ಇಷ್ಟು ವರ್ಷ ಊಟ ಮಾಡಿದ.

"ಒಂದು ಸಲ ಕೇಳಬಾರದಾಗಿತ್ತೇನೋ ನನ್ನ? ಒಂದೇ ಒಂದು ಸಲ?"

"ಕೇಳಿದ್ರೆ, ನೀನು ಹೌದು ಅಂದ್ಬಿಟ್ಟಿದ್ರೆ?"